28 ಎಂಎಂ ಸೈನಿಕನಿಗೆ ಯಾವ ಟ್ಯಾಂಕ್, ಯಾವ ಜೀಪು?

ಎರಡನೇ ಮಹಾಯುದ್ಧದ ಕಾಳಗವನ್ನು ಬೊಂಬೆಗಳಿಂದ ಮೇಜಿನ ಮೇಲೆ ಆಡುವ ಬೋಲ್ಟ್ ಆ್ಯಕ್ಷನ್ ಆಟಕ್ಕೆ ನಾರ್ಮಂಡಿಯ ಬ್ರಿಟಿಷ್ ಪಡೆಗೆ ಬಣ್ಣ ಹಚ್ಚಿ ಮುಗಿಸಿದ್ದೆ. ಎಲ್ಲವೂ 28 ಎಂಎಂ ಬೊಂಬೆಗಳು. ಇನ್ನು ಬೇಕಿದ್ದದ್ದು ಒಂದು ಶರ್ಮನ್ ಟ್ಯಾಂಕ್, ಒಂದು ಜೀಪು. ಯಾವ ಸ್ಕೇಲ್ (1/35 ಅಂದರೆ ನಿಜವಾದ ಗಾತ್ರದ 35ರಲ್ಲಿ ಒಂದು ಪಾಲು) ಸರಿ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ 1/35, 1/48, 1/56 ಮೂರನ್ನೂ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟೆ.

1/35ರ ಮಾತು ಬೇಗ ಮುಗಿಯುತ್ತದೆ. ನಿಜವಾದ ಶರ್ಮನ್ ಆಳಿನ ಒಂದೂವರೆ ಪಟ್ಟು ಎತ್ತರ, ಸುಮಾರು 2.74 ಮೀಟರ್. 1/35ರಲ್ಲಿ ಅದು 78 ಎಂಎಂ ಆಗುತ್ತದೆ, ನನ್ನ ಸೈನಿಕನ ಎರಡೂವರೆ ಪಟ್ಟು. ಗಾಜಿನ ಕಪಾಟಿಗೆ ಚೆಂದ, ಆಟಕ್ಕೆ ಬೇಡ.

ಉಳಿದ ಎರಡರಲ್ಲೇ ಇರೋದು ನಿಜವಾದ ಪೈಪೋಟಿ. 28 ಎಂಎಂ ಅನ್ನೋದು ಬೊಂಬೆಯ ಎತ್ತರ, ಸ್ಕೇಲ್ ಅಲ್ಲ. ಅದನ್ನು ಪಾದದಿಂದ ಕಣ್ಣಿನವರೆಗೆ ಅಳೆಯುವವರೇ ಜಾಸ್ತಿ. 1.75 ಮೀಟರ್ ಎತ್ತರದ ಮನುಷ್ಯ 1/56ರಲ್ಲಿ 31 ಎಂಎಂ, 1/48ರಲ್ಲಿ 36 ಎಂಎಂ. ಲೆಕ್ಕದ ಪ್ರಕಾರ 1/56 ಗೆದ್ದ ಹಾಗೇ. ಆದರೆ ಬೊಂಬೆ ಎರಡು ಮೂರು ಎಂಎಂ ದಪ್ಪದ ಬೇಸ್ ಮೇಲೆ ನಿಂತಿರುತ್ತದೆ. ತಲೆ, ಕೈ, ಬಂದೂಕು ಎಲ್ಲವನ್ನೂ ಸ್ವಲ್ಪ ದಪ್ಪವಾಗಿ ಮಾಡಿರುತ್ತಾರೆ. ಹಾಗಾಗಿ ಟ್ಯಾಂಕಿನ ಪಕ್ಕ ನಿಲ್ಲಿಸಿದಾಗ 1/48 ಕೂಡ ಕಣ್ಣಿಗೆ ಒಪ್ಪುತ್ತದೆ. ಎರಡು ಶರ್ಮನ್‌ಗಳ ಉದ್ದ 104 ಮತ್ತು 122 ಎಂಎಂ. ವ್ಯತ್ಯಾಸ ಒಂದು ಬೆರಳಿನಗಲ, ಅಷ್ಟೇ.

ಹಾಗಾದರೆ ತೀರ್ಮಾನ ಹೇಗೆ? ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಸಾಲದು, ಒಳಗೆ ಕೂರಿಸಿ ನೋಡಬೇಕು.

ಟರೆಟ್‌ನ, ಅಂದರೆ ಟ್ಯಾಂಕಿನ ಮೇಲೆ ತಿರುಗುವ ಫಿರಂಗಿ ಗೋಪುರದ, ಮುಚ್ಚಳ ತೆಗೆದು ಕಮಾಂಡರ್ ಬೊಂಬೆ ಇಟ್ಟೆ. 1/56ರಲ್ಲಿ ಸೊಂಟ ಸರಿಯಾಗಿ ಕೂತಿತು. 1/48ರಲ್ಲಿ ಸುತ್ತಲೂ ಖಾಲಿ ಜಾಗ, ಬಾವಿಯೊಳಗಿನಿಂದ ಇಣುಕುವ ಹುಡುಗನ ಹಾಗೆ ಕಂಡ. ಟ್ಯಾಂಕಿಗೆ 1/56 ಅಂತ ಅಲ್ಲೇ ಗಟ್ಟಿಯಾಯಿತು. ಇದರ ಪ್ಲಾಸ್ಟಿಕ್ ಭಾಗಗಳೂ ದಪ್ಪ, ಆಟದಲ್ಲಿ ಕೈಯಿಂದ ಕೈಗೆ ಹೋದರೂ ತಡೆಯುತ್ತವೆ. ನನ್ನ 1/48 ಶರ್ಮನ್ ಮೇಲಿನ ಗುದ್ದಲಿಯ ಹಿಡಿ ಎರಡು ಸಲ ಮುರಿದು, ಎರಡು ಸಲ ಅಂಟಿಸಿದ್ದೇನೆ.

ಜೀಪಿನಲ್ಲಿ ಎಲ್ಲ ತಿರುಗುಮುರುಗು. ವಿಲ್ಲೀಸ್ ಜೀಪಿನ ಅಗಲ ಸುಮಾರು 1.57 ಮೀಟರ್. 1/56ರಲ್ಲಿ 28 ಎಂಎಂ, 1/48ರಲ್ಲಿ 33 ಎಂಎಂ. ಈ ಐದು ಎಂಎಂ ಬಹಳ ದೊಡ್ಡದು! ಸಣ್ಣ ಜೀಪಿನಲ್ಲಿ ಡ್ರೈವರ್ ಪಕ್ಕ ಇನ್ನೊಬ್ಬನನ್ನು ಕೂರಿಸಲು ಅವನ ತೋಳಿನ ಹೊರಬದಿಯನ್ನು ಅರದಿಂದ ಉಜ್ಜಬೇಕಾಯಿತು. ಹೆಲ್ಮೆಟ್ ಹೆಲ್ಮೆಟ್‌ಗೆ ತಾಗುತ್ತಿತ್ತು. 1/48 ಜೀಪಿನಲ್ಲಿ ಇಬ್ಬರೂ ಆರಾಮಾಗಿ ಕೂತರು, ನಡುವೆ ಒಂದು ರೈಫಲ್ ಇಡುವಷ್ಟು ಜಾಗವೂ ಉಳಿಯಿತು. ದಪ್ಪ ಮೈಯ ಬೊಂಬೆಗೆ ಅಗಲದ ಸೀಟೇ ಬೇಕು, ಅಲ್ವಾ?

ಈಗ ನನ್ನ ಪಡೆಯಲ್ಲಿ ಟ್ಯಾಂಕುಗಳೆಲ್ಲ 1/56, ತೆರೆದ ಗಾಡಿಗಳೆಲ್ಲ 1/48. ಆಟದ ಮೇಜಿನ ಮೇಲೆ ಒಂದಡಿ ದೂರದಲ್ಲಿದ್ದರೆ ಬೆರಕೆ ಗೊತ್ತಾಗುವುದಿಲ್ಲ. ಜೀಪನ್ನು ಶರ್ಮನ್‌ಗೆ ಅಂಟಿಸಿ ನಿಲ್ಲಿಸಿದರೆ ಮಾತ್ರ ಉಬ್ಬಿದ ಹಾಗೆ ಕಾಣುತ್ತದೆ, ಹಾಗಾಗಿ ನಡುವೆ ಒಂದು ಬೇಲಿಯನ್ನೋ ಮರವನ್ನೋ ಇಡುತ್ತೇನೆ. ಎರಡು ಸ್ಕೇಲಿನ ಎರಡು ಶರ್ಮನ್‌ಗಳನ್ನು ಮಾತ್ರ ಒಂದೇ ಮೇಜಿಗೆ ತರುವುದಿಲ್ಲ.