ನೀರಿನ ಬಿಲ್ ಕಟ್ಟುವ ದಾರಿಗಳು: 11 ವರ್ಷ ಎಲ್ಲವನ್ನೂ ಬಳಸಿ ನೋಡಿದ ಮೇಲೆ

ಮನೆಯ ನೀರಿನ ಬಿಲ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದು 11 ವರ್ಷ ಆಯಿತು. ಕೌಂಟರಿನಲ್ಲಿ ನಗದು ಕಟ್ಟಿದ್ದೇನೆ, ಚೆಕ್ ಹಾಕಿದ್ದೇನೆ, ನೆಟ್ ಬ್ಯಾಂಕಿಂಗ್, ಮೊಬೈಲ್ ಆ್ಯಪ್, ಕ್ಯೂಆರ್ ಕೋಡ್ ಎಲ್ಲವನ್ನೂ ಬಳಸಿದ್ದೇನೆ. ನಡುವೆ ಎರಡು ವರ್ಷ ಆಟೋ ಪೇ, ಅಂದರೆ ಬಿಲ್ ದುಡ್ಡು ತಾನಾಗೇ ಕಡಿತ ಆಗುವ ಏರ್ಪಾಡು ಕೂಡ ಇತ್ತು. ಯಾವುದು ಸುಲಭ ಅಂತ ಕೇಳಿದರೆ ಮೊಬೈಲ್ ಅಂತ ಯಾರು ಬೇಕಾದರೂ ಹೇಳುತ್ತಾರೆ. ನಾನು ನೋಡುವುದು ಬೇರೆ ಎರಡು ವಿಷಯ. ದುಡ್ಡು ಮಧ್ಯದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಹುಡುಕಿ ತೆಗೆಯಲು ಆಗುತ್ತದಾ? ಕಟ್ಟುವ ಮೊದಲು ಬಿಲ್ ನನ್ನ ಕಣ್ಣಿಗೆ ಬೀಳುತ್ತದಾ? ಈ ಎರಡನೆಯದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಯಾಕೆ ಅನ್ನುವುದನ್ನು ಆಟೋ ಪೇ ಬಗ್ಗೆ ಹೇಳುವಾಗ ಹೇಳುತ್ತೇನೆ.

ಮೊದಲ ಮೂರು ವರ್ಷ ಕೌಂಟರ್. ಸಾಲಿನಲ್ಲಿ ನಿಲ್ಲಬೇಕು, ಚಿಲ್ಲರೆ ಇಟ್ಟುಕೊಂಡು ಹೋಗಬೇಕು, ಕೆಲಸದ ವೇಳೆಯಲ್ಲೇ ಹೋಗಬೇಕು. ಇಷ್ಟಾದರೂ ಕೌಂಟರಿನಿಂದ ನನಗೆ ಒಳ್ಳೆಯದೇ ಆಗಿದೆ. ಒಂದು ಸಲ ಒಳಗೆ ಕೂತಿದ್ದವರು ನನ್ನ ಬಿಲ್ ತಿರುಗಿಸಿ ನೋಡಿ, "ನೋಡಿ, ಈ ಸಲ ರೀಡಿಂಗ್ ತಗೊಂಡಿಲ್ಲ, ಸರಾಸರಿ ಹಾಕಿದ್ದಾರೆ. ಹೋದ ಸಲವೂ ಹಾಗೇ ಇದೆ. ಸರಿ ಮಾಡಿಸ್ಕೊಳ್ಳಿ" ಅಂದರು. ರೀಡಿಂಗ್ ತೆಗೆಯುವವರು ಬಂದಾಗ ನಮ್ಮ ಗೇಟಿಗೆ ಬೀಗ ಇತ್ತಂತೆ. ಹಾಗಾದಾಗ ಹಿಂದಿನ ತಿಂಗಳುಗಳ ಲೆಕ್ಕ ಹಿಡಿದು ಅಂದಾಜು ಬಿಲ್ ಕೊಡುತ್ತಾರೆ. ಮುಂದೆ ನಿಜವಾದ ರೀಡಿಂಗ್ ಸಿಕ್ಕಾಗ ಅದು ಸರಿಹೋಗುತ್ತದೆ ಅಂತ ಸುಮ್ನೆ ಇರಬೇಡಿ. ಹೆಚ್ಚು ಬಳಸಿದಷ್ಟೂ ದರ ಏರುವ ಸ್ಲ್ಯಾಬ್ ಪದ್ಧತಿ ಇದ್ದರೆ, ಉಳಿದುಹೋದ ಯೂನಿಟ್‌ಗಳೆಲ್ಲ ಒಂದೇ ಬಿಲ್‌ಗೆ ಸೇರಿ ಮೇಲಿನ ಸ್ಲ್ಯಾಬ್‌ಗೆ ಹೋಗಬಹುದು. ಆಗ ತಿಂಗಳುಗಳಿಗೆ ಹಂಚಿ ಲೆಕ್ಕ ಹಾಕಿ ಅಂತ ನಾವೇ ಕೇಳಬೇಕು. ಆವತ್ತು ಆ ಮನುಷ್ಯರು ಹೇಳದೇ ಇದ್ದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಯಾವ ಆ್ಯಪ್ ಕೂಡ ಇದುವರೆಗೆ ನನಗೆ ಹಾಗೆ ಹೇಳಿಲ್ಲ.

ಕೌಂಟರಿನಲ್ಲಿ ಕಟ್ಟುವವರಿಗೆ ಒಂದು ಮಾತು. ರಸೀದಿ ಥರ್ಮಲ್ ಕಾಗದದ್ದಾದರೆ ಮನೆಗೆ ಬಂದ ತಕ್ಷಣ ಫೋಟೋ ತೆಗೆದಿಡಿ. ಆ ಕಾಗದಕ್ಕೆ ಶಾಯಿ ಇರುವುದಿಲ್ಲ, ಬಿಸಿ ತಾಗಿ ಅಕ್ಷರ ಮೂಡುತ್ತದೆ. ನಾನು ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದ ರಸೀದಿಗಳು ಎರಡು ವರ್ಷಕ್ಕೆ ಬರೀ ಬಿಳಿ ಚೂರುಗಳಾಗಿದ್ದವು. ಹಳೇ ಬಾಕಿ ಅಂತ ಬಿಲ್‌ನಲ್ಲಿ ಬಂದಾಗ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಚೆಕ್ ಬಗ್ಗೆ ಹೇಳುವಂಥದ್ದು ಕಡಿಮೆ. ಹಿಂಬದಿಯಲ್ಲಿ ಗ್ರಾಹಕ ಸಂಖ್ಯೆ ಬರೆಯಿರಿ, ಕೊನೆ ದಿನಕ್ಕೆ ಒಂದು ವಾರ ಮೊದಲೇ ಹಾಕಿ. ಚೆಕ್ ವಾಪಸ್ ಬಂದರೆ ಬ್ಯಾಂಕಿಗೂ ಕಟ್ಟಬೇಕು, ನೀರಿನ ಕಚೇರಿಗೂ ದಂಡ ಕಟ್ಟಬೇಕಾಗುತ್ತದೆ. ನಾನು ಬಿಟ್ಟು ಬಹಳ ದಿನ ಆಯಿತು.

ನೆಟ್ ಬ್ಯಾಂಕಿಂಗ್ ಶುರು ಮಾಡಿದ ಮೊದಲ ತಿಂಗಳೇ ಎಡವಟ್ಟಾಯಿತು. ಗ್ರಾಹಕ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ, 6 ಇರುವ ಕಡೆ 8 ಒತ್ತಿದ್ದೆ. ದುಡ್ಡು ಹೋಯಿತು, ರಸೀದಿಯೂ ಬಂತು. ಮುಂದಿನ ಬಿಲ್‌ನಲ್ಲಿ ನನ್ನ ಹೆಸರಿಗೆ ಬಾಕಿ! ಯಾರದೋ ಮನೆಯ ಬಿಲ್ ನಾನು ಕಟ್ಟಿದ್ದೆ. ಬ್ಯಾಂಕ್ ಕಾರ್ಡಿನ ನಂಬರಿನಲ್ಲಿ ಕೊನೆಯ ಅಂಕಿ ತಾಳೆ ನೋಡುವುದಕ್ಕಾಗಿಯೇ ಇರುತ್ತದೆ. ಹಾನ್ಸ್ ಪೀಟರ್ ಲುನ್ ಅನ್ನುವ ಐಬಿಎಂ ಎಂಜಿನಿಯರ್ ಕಂಡುಹಿಡಿದ ಲೆಕ್ಕ ಅದು, 1960ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ. ನೀರಿನ ಗ್ರಾಹಕ ಸಂಖ್ಯೆಗೆ ಅಂಥ ಕಾವಲು ಇದ್ದೇ ಇರುತ್ತದೆ ಅಂತ ನಂಬಿ ಕೂರಬಾರದು. ಹಾಗಾಗಿ ಸಂಖ್ಯೆ ಹಾಕಿದ ಮೇಲೆ ಹೆಸರು ಮತ್ತು ಬಿಲ್ ಮೊತ್ತ ತೋರಿಸುವ ಕಡೆ ಮಾತ್ರ ನಾನು ಕಟ್ಟುವುದು. ಹೆಸರು ಓದಿ, ಮೊತ್ತ ಓದಿ, ಆಮೇಲೆ ಒತ್ತುತ್ತೇನೆ. ಆ ತಪ್ಪು ಸರಿಯಾಗಲು ಎರಡು ತಿಂಗಳು ಹಿಡಿಯಿತು. ರಸೀದಿಯಲ್ಲಿ ವಹಿವಾಟಿನ ಸಂಖ್ಯೆ ಇದ್ದದ್ದಕ್ಕೆ ಬಚಾವಾದೆ.

ಮೊಬೈಲ್ ಆ್ಯಪ್‌ಗಳಲ್ಲಿ ಎರಡು ಬಗೆ. ನೀರು ಕೊಡುವ ಸಂಸ್ಥೆಯದೇ ಆ್ಯಪ್ ಒಂದು, ಎಲ್ಲ ಬಿಲ್‌ಗಳನ್ನೂ ಕಟ್ಟಿಸಿಕೊಳ್ಳುವ ಬೇರೆಯವರ ಆ್ಯಪ್ ಇನ್ನೊಂದು. ಎರಡನೆಯದು ಚುರುಕಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ದುಡ್ಡು ಅವರಿಂದ ನೀರಿನವರ ಖಾತೆಗೆ ಹೋಗಿ ಜಮಾ ಆಗಲು ಒಂದೆರಡು ದಿನ ಹಿಡಿಯಬಹುದು. ನೀವು ಕಟ್ಟಿದ ದಿನ ಲೆಕ್ಕಕ್ಕಾ, ಅವರಿಗೆ ಮುಟ್ಟಿದ ದಿನ ಲೆಕ್ಕಕ್ಕಾ ಅನ್ನುವುದು ಎಲ್ಲ ಕಡೆ ಒಂದೇ ಥರ ಇಲ್ಲ. ನಾನು ಕೊನೆ ದಿನಕ್ಕೆ ನಾಲ್ಕು ದಿನ ಮೊದಲೇ ಮುಗಿಸುತ್ತೇನೆ, ತಲೆಬಿಸಿ ಇಲ್ಲ.

ಒಂದು ರಾತ್ರಿ ಆ್ಯಪ್ ಮಧ್ಯದಲ್ಲೇ ನಿಂತಿತು. ಚಕ್ರ ಸುತ್ತುತ್ತಲೇ ಇತ್ತು. ಆಗಿಲ್ಲ ಅಂದುಕೊಂಡು ಮತ್ತೆ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಖಾತೆಯಿಂದ ಎರಡು ಸಲ ಕಡಿತ. ಹೆಚ್ಚಾಗಿ ಕಟ್ಟಿದ್ದು ಮುಂಗಡವಾಗಿ ನಿಂತು ಮುಂದಿನ ಬಿಲ್‌ನಲ್ಲಿ ಕಳೆಯಿತು, ನಷ್ಟ ಆಗಲಿಲ್ಲ. ಅಂದಿನಿಂದ ಚಕ್ರ ಸುತ್ತಿದರೆ ಮೊದಲು ಬ್ಯಾಂಕ್ ಖಾತೆ ನೋಡುತ್ತೇನೆ. ದುಡ್ಡು ಕಡಿತ ಆಗಿದ್ದರೆ ಮರುದಿನದವರೆಗೂ ಎರಡನೇ ಸಲ ಒತ್ತುವುದಿಲ್ಲ.

ಕ್ಯೂಆರ್ ಕೋಡ್ ನನಗೆ ತುಂಬಾ ಇಷ್ಟ. 1994ರಲ್ಲಿ ಜಪಾನಿನಲ್ಲಿ ಮಸಾಹಿರೊ ಹರಾ ಮತ್ತು ಅವರ ಜೊತೆಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು ಇದು. ಸ್ವಲ್ಪ ಭಾಗ ಮಾಸಿದರೂ ಹರಿದರೂ ಓದಲು ಆಗುವ ಹಾಗೆ ಕಟ್ಟಿದ್ದಾರೆ. ನಮ್ಮ ಬಿಲ್ ಒಮ್ಮೆ ಮಳೆಯಲ್ಲಿ ನೆನೆದು ಒಂದು ಮೂಲೆ ಕಿತ್ತುಹೋಗಿತ್ತು, ಆದರೂ ಸ್ಕ್ಯಾನ್ ಆಯಿತು. ಬಿಲ್ ಮೇಲೇ ಅಚ್ಚಾದ ಕೋಡ್‌ನಲ್ಲಿ ಗ್ರಾಹಕ ಸಂಖ್ಯೆ, ಮೊತ್ತ ಎಲ್ಲ ಸೇರಿದ್ದರೆ ಬೆರಳು ತಪ್ಪುವ ಮಾತೇ ಇಲ್ಲ. ಗೋಡೆಗೆ, ಕೌಂಟರಿಗೆ ಅಂಟಿಸಿದ ಕೋಡ್ ಮಾತ್ರ ಬೇರೆ ವಿಷಯ. ಅದರ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸಿ ದುಡ್ಡು ಹೊಡೆಯುವವರಿದ್ದಾರೆ. ಬೆರಳಿನಿಂದ ಅಂಚು ಸವರಿ ನೋಡಿ, ಯಾರ ಹೆಸರು ಬರುತ್ತದೆ ಅಂತ ನೋಡಿ. "ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ನೀರು ನಿಲ್ಲಿಸುತ್ತೇವೆ" ಅಂತ ಬರುವ ಮೆಸೇಜ್‌ನ ಲಿಂಕ್ ಅಂತೂ ಮುಟ್ಟಲೇಬೇಡಿ. ಅನುಮಾನ ಬಂದರೆ ಬಿಲ್ ಮೇಲೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ.

ಈಗ ಆಟೋ ಪೇ. ಎರಡು ವರ್ಷ ಇದರಷ್ಟು ನೆಮ್ಮದಿ ಬೇರೆ ಇಲ್ಲ ಅಂದುಕೊಂಡಿದ್ದೆ. ಒಂದೇ ಒಂದು ದಂಡ ಬಿದ್ದಿಲ್ಲ. ಬಿಲ್ ಬರುತ್ತದೆ, ದುಡ್ಡು ಹೋಗುತ್ತದೆ, ಮೊಬೈಲ್‌ಗೆ ಮೆಸೇಜ್ ಬರುತ್ತದೆ, ನಾನು ಓದದೇ ಅಳಿಸುತ್ತೇನೆ. ಒಂದು ದಿನ ಬೇರೆ ಯಾವುದಕ್ಕೋ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಾಗ ನೀರಿಗೆ ಹೋದ ದುಡ್ಡು ಯಾಕೋ ಜಾಸ್ತಿ ಕಾಣಿಸಿತು. ಬಿಲ್ ತೆರೆದು ನೋಡಿದರೆ, ತಿಂಗಳಿಗೆ 14 ಯೂನಿಟ್ ಇದ್ದದ್ದು 25 ಆಗಿದೆ. ನಮ್ಮ ಬಿಲ್‌ನಲ್ಲಿ ಒಂದು ಯೂನಿಟ್ ಅಂದರೆ 1,000 ಲೀಟರ್. ಹೀಗಾಗಿ ಮೂರು ತಿಂಗಳು ಕಳೆದಿತ್ತು.

ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ಹತ್ತಿರ ಹೋಗಿ ಕೂತೆ. ಮೀಟರಿನ ಮುಖದ ಮೇಲೆ ಚಿಕ್ಕ ನಕ್ಷತ್ರದಂಥ ಚಕ್ರ ಒಂದಿರುತ್ತದೆ, ಚೂರು ನೀರು ಹರಿದರೂ ಅದು ತಿರುಗುತ್ತದೆ. ಎಲ್ಲ ಮುಚ್ಚಿದ್ದರೂ ನಿಧಾನವಾಗಿ ತಿರುಗುತ್ತಲೇ ಇತ್ತು. ಗಡಿಯಾರ ಹಿಡಿದು ಕೆಂಪು ಮುಳ್ಳನ್ನು ನೋಡಿದೆ. ನಾಲ್ಕು ನಿಮಿಷಕ್ಕೆ ಒಂದು ಲೀಟರ್. ಗಂಟೆಗೆ 15, ದಿನಕ್ಕೆ 360, ತಿಂಗಳಿಗೆ 10,800 ಲೀಟರ್. ಜಾಸ್ತಿಯಾದ 11 ಯೂನಿಟ್‌ಗೆ ಲೆಕ್ಕ ಹತ್ತಿರ ಹತ್ತಿರ ಸರಿಹೋಯಿತು. ಸೋರುತ್ತಿದ್ದದ್ದು ಶೌಚಾಲಯದ ಫ್ಲಶ್ ಟ್ಯಾಂಕ್. ತಳದ ರಬ್ಬರ್ ವಾಷರ್ ಸವೆದು, ಸದ್ದೇ ಇಲ್ಲದೆ ನೀರು ಕೆಳಗೆ ಜಾರುತ್ತಿತ್ತು. ಅಂಗೈಯಷ್ಟೂ ಇಲ್ಲದ ಆ ರಬ್ಬರ್ ಬದಲಾಯಿಸಿದ ಕೂಡಲೇ ಚಕ್ರ ನಿಂತಿತು. ದುಡ್ಡಿಗಿಂತ ನನ್ನನ್ನು ಕಾಡಿದ್ದು ಆ ನೀರು. ಮೂರು ತಿಂಗಳಲ್ಲಿ 32,000 ಲೀಟರ್ ಕುಡಿಯುವ ನೀರು ಚರಂಡಿಗೆ ಹೋಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ನಾನೇ ಕೈಯಾರೆ ಬಿಲ್ ಕಟ್ಟುತ್ತಿದ್ದಿದ್ದರೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು.

ಮನೆ ಮೇಲೆ ಟ್ಯಾಂಕ್ ಇರುವವರು ಅದು ಪೂರ್ತಿ ತುಂಬಿ ಫ್ಲೋಟ್ ವಾಲ್ವ್ ಮುಚ್ಚಿದ ಮೇಲೆ ಮೀಟರ್ ನೋಡಬೇಕು, ಇಲ್ಲದಿದ್ದರೆ ಟ್ಯಾಂಕಿಗೆ ಏರುವ ನೀರನ್ನೇ ಸೋರಿಕೆ ಅಂದುಕೊಳ್ಳುತ್ತೀರಿ. ಮತ್ತೆ, ಹಾಗೆ ನೋಡಿದರೆ ಮೀಟರಿನಿಂದ ಟ್ಯಾಂಕಿನವರೆಗಿನ ಪೈಪ್ ಮಾತ್ರ ತಿಳಿಯುತ್ತದೆ. ಮನೆಯೊಳಗಿನ ಸೋರಿಕೆ ತಿಳಿಯಲು ರಾತ್ರಿ ಟ್ಯಾಂಕಿಗೆ ನೀರು ಏರುವುದನ್ನು ನಿಲ್ಲಿಸಿ, ಮಟ್ಟ ಗುರುತು ಮಾಡಿ, ಬೆಳಿಗ್ಗೆ ನಲ್ಲಿ ತಿರುಗಿಸುವ ಮೊದಲು ನೋಡಿ.

ಆಟೋ ಪೇ ಇಟ್ಟುಕೊಳ್ಳಲೇಬೇಕಾದವರು ಕಡಿತದ ಮಿತಿಯನ್ನು ನಿಮ್ಮ ಮಾಮೂಲಿ ಬಿಲ್‌ಗಿಂತ ಸ್ವಲ್ಪವೇ ಮೇಲೆ ಇಡಿ. ಬಿಲ್ ಅದನ್ನು ಮೀರಿದರೆ ಪಾವತಿ ನಿಲ್ಲುತ್ತದೆ, ಆ ಮೆಸೇಜನ್ನಾದರೂ ನೀವು ಓದುತ್ತೀರಿ. ನಾನು ಮಿತಿಯನ್ನು ತುಂಬಾ ಎತ್ತರಕ್ಕೆ ಇಟ್ಟಿದ್ದೆ. ಕಾರ್ಡಿಗೆ ಜೋಡಿಸಿದ್ದರೆ ಅದರ ಅವಧಿ ಮುಗಿಯುವ ತಿಂಗಳನ್ನು ಬರೆದಿಡಿ. ಮನೆ ಬದಲಾಯಿಸುವಾಗ ಕೊನೆಯ ರೀಡಿಂಗ್‌ನ ಫೋಟೋ ತೆಗೆದು, ಆಟೋ ಪೇ ರದ್ದು ಮಾಡಿ ಹೊರಡಿ.

ಈಗ ನಾಲ್ಕು ವರ್ಷದಿಂದ ನನ್ನ ಪದ್ಧತಿ ಹೀಗಿದೆ. ಬಿಲ್ ಬಂದ ದಿನ ಮೀಟರಿನ ಫೋಟೋ ತೆಗೆಯುತ್ತೇನೆ. ಬಿಲ್‌ನ ರೀಡಿಂಗ್ ಮೀಟರಿಗಿಂತ ಮುಂದೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ಯೂನಿಟ್ ಎಷ್ಟು ಅಂತ ಹೋದ ತಿಂಗಳ ಪಕ್ಕದಲ್ಲಿ ಬರೆಯುತ್ತೇನೆ. ಆಮೇಲೆ ಬಿಲ್ ಮೇಲಿನ ಕೋಡ್ ಸ್ಕ್ಯಾನ್ ಮಾಡಿ ಕಟ್ಟುತ್ತೇನೆ. ಐದು ನಿಮಿಷದ ಕೆಲಸ. ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗುವಾಗ ಮಾತ್ರ ಆಟೋ ಪೇ ಹಾಕುತ್ತೇನೆ, ಆಗಲೂ ಮೀಟರ್ ಪಕ್ಕದ ಮೇನ್ ವಾಲ್ವ್ ಮುಚ್ಚಿ, ಆ ನಕ್ಷತ್ರ ನಿಂತಿದೆಯಾ ಅಂತ ಬಗ್ಗಿ ನೋಡಿಯೇ ಹೊರಡುವುದು.