ನಡುವೆ ರೆಫರೆನ್ಸ್ ಸಾಲಿರುವ ಕನ್ನಡ ಸತ್ಯವೇದ (ಬೈಬಲ್): ಒಂದು ಮಳೆಗಾಲ ಓದಿದ ಮೇಲೆ

ಸೋಮವಾರಪೇಟೆ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ನಾನು ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ನಿಂತು ಕೇಳಿದಳು, "ಟೀಚರ್, ಯೇಸು ದೇವರೇ ಆದ್ರೆ ಗೆತ್ಸೆಮನೆ ತೋಟದಲ್ಲಿ ಯಾರಿಗೆ ಪ್ರಾರ್ಥನೆ ಮಾಡಿದ್ರು?" ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ತೋಟ ಅದು. ನನಗೆ ಸರಿಯಾದ ಉತ್ತರ ಬರಲಿಲ್ಲ. 'ತಂದೆಯಾದ ದೇವರಿಗೆ' ಅಂದೆ, ಅವಳು ಸುಮ್ಮನೆ ಕೂತಳು, ಆದರೆ ಅವಳಿಗೆ ಅದು ಸಾಕಾಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಯಿತು. ಅದೇ ವಾರ ಮಡಿಕೇರಿಗೆ ಹೋದಾಗ ಈ ಸತ್ಯವೇದ ತೆಗೆದುಕೊಂಡೆ.

ನಮ್ಮ ಮನೆಯಲ್ಲಿ ಹಳೆಯ ಸತ್ಯವೇದ ಇದೆ. ಅಜ್ಜಿಯ ಕಡೆಯವರು ಆನಂದಪುರದವರು, ಜರ್ಮನಿಯಿಂದ ಬಂದ ಮಿಷನರಿ ಹರ್ಮನ್ ಮೋಗ್ಲಿಂಗ್ ಕಟ್ಟಿದ ಊರು ಅದು. 'ಮಂಗಳೂರ ಸಮಾಚಾರ' ಶುರು ಮಾಡಿದ ಅದೇ ಮೋಗ್ಲಿಂಗ್. ಆ ಹಳೆಯ ಪುಸ್ತಕದ ಮೇಲೆ ನನಗೆ ಬಹಳ ಪ್ರೀತಿ, ಆದರೆ ಅದರಲ್ಲಿ ವಚನ ಬಿಟ್ಟರೆ ಬೇರೇನೂ ಇಲ್ಲ. ಈ ಹೊಸದರಲ್ಲಿ ಪ್ರತಿ ಪುಟದ ನಡುವೆ ಒಂದು ಸಣ್ಣ ಸಾಲು ಇದೆ. ಈ ವಚನಕ್ಕೆ ಇನ್ನೆಲ್ಲಿ ಸಂಬಂಧ ಇದೆ ಅಂತ ಅಲ್ಲಿ ಹಾಕಿರುತ್ತಾರೆ. ಸಾವಿರ ರೂಪಾಯಿ ಹತ್ತಿರ ಆಯಿತು. ಕೊಟ್ಟಿದ್ದಕ್ಕೆ ಬೇಜಾರಿಲ್ಲ, ಆ ಒಂದು ಸಾಲಿಗೇ ಅಷ್ಟು ಕೊಡಬಹುದು.

ಯಾಕೆ ಅಂತ ಹೇಳುತ್ತೇನೆ. ಹಳೆ ಒಡಂಬಡಿಕೆಯ ಯೋವೇಲ 2:32ರಲ್ಲಿ ಯೆಹೋವನ, ಅಂದರೆ ದೇವರ, ಹೆಸರು ಹೇಳಿ ಕರೆಯುವವರಿಗೆಲ್ಲ ರಕ್ಷಣೆ ಅಂತ ಇದೆ. ಹೊಸ ಒಡಂಬಡಿಕೆಯ ರೋಮಾಪುರ 10:13ರಲ್ಲಿ, ಯೇಸು ಕಳಿಸಿದ ಅಪೊಸ್ತಲರಲ್ಲಿ ಒಬ್ಬನಾದ ಪೌಲ ಅದೇ ಮಾತನ್ನು ತರುತ್ತಾನೆ, ಆದರೆ ಕನ್ನಡದಲ್ಲಿ ಅಲ್ಲಿ ಇರುವುದು 'ಕರ್ತನ' ಹೆಸರು. ನಾಲ್ಕು ವಚನ ಮೇಲೆ ನೋಡಿದರೆ ಆ ಕರ್ತ ಯಾರು ಅಂತ ಸ್ಪಷ್ಟವಾಗಿದೆ, ಯೇಸು. ನಾನು ಈ ಎರಡೂ ವಚನಗಳನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಎರಡೂ ಒಂದೇ ಮಾತು ಅಂತ ಒಂದು ದಿನವೂ ಹೊಳೆದಿರಲಿಲ್ಲ! ಹಳೆ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಯೆಹೋವ ಅನ್ನುವ ಹೆಸರಿನ ಜಾಗದಲ್ಲಿ 'ಕರ್ತ' ಅನ್ನುವ ಪದ ಇಟ್ಟರು, ಅಪೊಸ್ತಲರು ಆ ಪದವನ್ನೇ ಯೇಸುವಿಗೆ ಹೇಳಿದರು. ಅವತ್ತು ಗ್ರೀಕಿನಲ್ಲಿ ಓದುತ್ತಿದ್ದವರ ಕಿವಿಗೆ ಅದು ತಟ್ಟನೆ ಬಿದ್ದಿರುತ್ತದೆ. ಕನ್ನಡದಲ್ಲಿ ಓದುವ ನಮಗೆ ಒಂದು ಕಡೆ ಯೆಹೋವ, ಇನ್ನೊಂದು ಕಡೆ ಕರ್ತ, ಹಾಗಾಗಿ ದಾರ ಕಡಿದುಹೋಗುತ್ತದೆ. ನಡುವಿನ ಆ ಸಾಲು ಅದನ್ನು ಮತ್ತೆ ಕಟ್ಟಿಕೊಡುತ್ತದೆ.

ಆಮೇಲೆ ನಾನು ಬಿಡಲಿಲ್ಲ. ಜೂನ್, ಜುಲೈ ಪೂರ್ತಿ ಹೊರಗೆ ಮಳೆ, ಕರೆಂಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ಎಮರ್ಜೆನ್ಸಿ ಲೈಟ್ ಇಟ್ಟುಕೊಂಡು ಒಂದು ವಚನದಿಂದ ಇನ್ನೊಂದಕ್ಕೆ ಹೋಗುತ್ತಿದ್ದೆ. ಇಬ್ರಿಯ 1:10 ಮಗನ ಬಗ್ಗೆ, ಭೂಮಿಗೆ ಅಸ್ತಿವಾರ ಹಾಕಿದವನು ನೀನೇ ಅಂತ. ಅದು 102ನೇ ಕೀರ್ತನೆಯ ಮಾತು, ಅಲ್ಲಿ ಯೆಹೋವನಿಗೆ ಹೇಳಿದ್ದು. ಯೆಶಾಯ 45ರಲ್ಲಿ ದೇವರು, ನನ್ನ ಬಿಟ್ಟು ಬೇರೆ ದೇವರಿಲ್ಲ, ಎಲ್ಲರೂ ನನಗೇ ಮೊಣಕಾಲೂರುತ್ತಾರೆ ಅನ್ನುತ್ತಾನೆ. ಫಿಲಿಪ್ಪಿ 2:10ರಲ್ಲಿ ಆ ಮೊಣಕಾಲುಗಳೆಲ್ಲ ಯೇಸುವಿನ ಹೆಸರಿನಲ್ಲಿ ಬಾಗುತ್ತವೆ. ದೇವರೊಬ್ಬನೇ ಅಂತ ಅಷ್ಟು ಗಟ್ಟಿಯಾಗಿ ಹೇಳುವ ಅಧ್ಯಾಯದಿಂದಲೇ ಪೌಲ ಈ ಮಾತು ತೆಗೆದುಕೊಂಡಿದ್ದಾನೆ, ನೋಡಿ. ಯೇಸು ಎಲ್ಲೂ ತಾನು ದೇವರು ಅಂತ ಹೇಳಿಕೊಂಡಿಲ್ಲ ಅನ್ನುವವರು ಇದನ್ನೂ, ಯೋಹಾನ 8:58ರಲ್ಲಿ 'ಅಬ್ರಹಾಮ ಹುಟ್ಟುವ ಮೊದಲೇ ನಾನಿದ್ದೇನೆ' ಅಂತ ಯೇಸು ಹೇಳಿದ ಮಾತು ಕೇಳಿದ ಜನ ಯಾಕೆ ಕಲ್ಲು ಎತ್ತಿದರು ಅನ್ನುವುದನ್ನೂ ಒಂದು ಸಲ ಕೂತು ಓದಬೇಕು.

ಹುಡುಗಿಯ ಪ್ರಶ್ನೆಗೂ ದಾರಿ ಸಿಕ್ಕಿತು. ಯೋಹಾನ 1:1ರಲ್ಲಿ ವಾಕ್ಯ (ಅಂದರೆ ಯೇಸು) ದೇವರ ಬಳಿ ಇತ್ತು ಅಂತಲೂ ಇದೆ, ವಾಕ್ಯ ದೇವರಾಗಿತ್ತು ಅಂತಲೂ ಇದೆ. ಬಳಿಯಲ್ಲಿ ಇರಬೇಕಾದರೆ ಇಬ್ಬರು ಬೇಕಲ್ವಾ? ಮಗ ತಂದೆ ಅಲ್ಲ, ಆದರೆ ತಂದೆ ಹೇಗೆ ದೇವರೋ ಮಗನೂ ಹಾಗೇ ದೇವರು. ತೋಟದಲ್ಲಿ ಮಗ ತಂದೆಯ ಹತ್ತಿರ ಮಾತಾಡಿದ್ದು, ತನ್ನ ಹತ್ತಿರ ತಾನೇ ಅಲ್ಲ. ಮನುಷ್ಯನಾಗಿ ಬಂದವನು ಮನುಷ್ಯರ ಹಾಗೇ ಅತ್ತು ಪ್ರಾರ್ಥಿಸಿದ್ದು. ಇದನ್ನು ನಾನು ಅವಳಿಗೆ ಹೇಳಿದೆ, ಒಂದೇ ಭಾನುವಾರದಲ್ಲಿ ಅಲ್ಲ, ಮೂರು ಭಾನುವಾರ ಹಿಡಿಯಿತು.

ಹಿಂದಿನ ಪುಟಗಳಲ್ಲಿ ಚಿಕ್ಕ ಲೇಖನಗಳಿವೆ. ಅರಿಯಸ್ ಅನ್ನುವ ಅಲೆಕ್ಸಾಂಡ್ರಿಯದ ಪಾದ್ರಿ, ಮಗ ಇಲ್ಲದ ಒಂದು ಕಾಲ ಇತ್ತು ಅಂತ ಬೋಧಿಸಿದ್ದು, 325ರಲ್ಲಿ ಈಗಿನ ಟರ್ಕಿಯ ನಿಕೇಯದಲ್ಲಿ ಬಿಷಪ್‌ಗಳು ಸೇರಿ ಮಗನೂ ತಂದೆಯೂ ಒಂದೇ ತತ್ವದವರು ಅಂತ ಹೇಳಿದ್ದು, ಇದು ಚೆನ್ನಾಗಿದೆ. ನಾವು ಪ್ರಭುಭೋಜನದ ಆರಾಧನೆಯಲ್ಲಿ ಬಾಯಿಪಾಠವಾಗಿ ಹೇಳುವ ವಿಶ್ವಾಸ ಪ್ರಮಾಣದ ಬೇರು ಅಲ್ಲಿದೆ ಅಂತ ಗೊತ್ತಾದ ಮೇಲೆ ಅದನ್ನು ಹೇಳುವಾಗ ನನ್ನ ದನಿಯೇ ಬದಲಾಗಿದೆ. ಆದರೆ ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆಗೆ ಒಂದು ಸಾಲೂ ಇಲ್ಲ. ಪಕ್ಕದ ಮನೆಯ ಕೊಡವ ಅಕ್ಕ ಎಷ್ಟು ಸಲ ಕೇಳಿದ್ದಾರೆ, ರಾಮ, ಕೃಷ್ಣರ ಹಾಗೆ ಇದೂ ಒಂದು ಅವತಾರ ತಾನೇ ಅಂತ. ಅವರು ಪ್ರೀತಿಯಿಂದಲೇ ಕೇಳುವುದು. ನಾವೂ ನರಾವತಾರ ಅನ್ನುವ ಪದ ಬಳಸುತ್ತೇವೆ, ಆದರೆ ಸಭೆ ಹೇಳುವುದು ಒಂದೇ ಸಲ ಆದದ್ದು ಅಂತ, ಸತ್ತು ಎದ್ದ ಮೇಲೂ ಅವನು ಮನುಷ್ಯನಾಗಿಯೇ ಇದ್ದಾನೆ ಅಂತ. ಕನ್ನಡದವರಿಗೆ ಅಂತಲೇ ಮಾಡಿದ ಪುಸ್ತಕ ಇದನ್ನು ಹೇಳಬೇಕಿತ್ತು. ಮಾರ್ಕ 13:32, ಯೇಸು ಮತ್ತೆ ಬರುವ ಆ ದಿನ ಯಾವುದು ಅಂತ ಮಗನಿಗೂ ತಿಳಿಯದು ಅನ್ನುವ ಕಷ್ಟದ ವಚನ, ಅಲ್ಲಿಯೂ ಟಿಪ್ಪಣಿ ಇಲ್ಲ. ಸುಲಭದ್ದಕ್ಕೆ ಜಾಸ್ತಿ, ಕಷ್ಟದ್ದಕ್ಕೆ ಕಡಿಮೆ.

ಪುಸ್ತಕದ ಮೈಕಟ್ಟು ಕೊಡಗಿಗೆ ಸಾಲದು. ಹಾಳೆ ಬಹಳ ತೆಳು. ಆಗಸ್ಟ್ ಬರುವಷ್ಟರಲ್ಲಿ ಅಂಚೆಲ್ಲ ಅಲೆಅಲೆಯಾಯಿತು, ರಟ್ಟಿನ ಮೇಲೆ ಬೂಷ್ಟು ಬಂತು. ಬಲ್ಬ್ ಹಾಕಿದ ಕಪಾಟಿನಲ್ಲಿ ಬಟ್ಟೆಗಳ ಜೊತೆ ಇಟ್ಟ ಮೇಲೆ ಉಳಿಯಿತು. ರೆಫರೆನ್ಸ್ ಅಕ್ಷರ ತೀರಾ ಸಣ್ಣ, ನಲವತ್ತು ದಾಟಿದವರಿಗೆ ಕನ್ನಡಕ ಇದ್ದರೂ ಕಷ್ಟ. ಹೊಲಿಗೆ ಮಾತ್ರ ಗಟ್ಟಿ, ಒಂದು ಹಾಳೆಯೂ ಬಿಟ್ಟಿಲ್ಲ.

ನಾಲ್ಕು ಸ್ಟಾರ್ ಕೊಡುತ್ತೇನೆ. ಇಂಥದ್ದು ಬೇರೆ ಬೇರೆ ಕಡೆಯವರು ಅಚ್ಚು ಹಾಕಿರುತ್ತಾರೆ, ಎಲ್ಲದರಲ್ಲೂ ಉಲ್ಲೇಖ ಒಂದೇ ಥರ ಇರುವುದಿಲ್ಲ. ಅಂಗಡಿಯಲ್ಲೇ ಯೋಹಾನ 12:41 ತೆಗೆದು, ನಡುವಿನ ಸಾಲಿನಲ್ಲಿ ಯೆಶಾಯ 6 ಇದೆಯಾ ನೋಡಿ. ಪ್ರವಾದಿ ದೇವಾಲಯದಲ್ಲಿ ಸಿಂಹಾಸನದ ಮೇಲೆ ಕಂಡಿದ್ದು ಯಾರ ಮಹಿಮೆ ಅಂತ ಯೋಹಾನ ಅಲ್ಲಿ ಹೇಳುತ್ತಾನೆ. ಅದನ್ನು ಹಾಕಿದ್ದರೆ ತೆಗೆದುಕೊಳ್ಳಿ, ಜೊತೆಗೆ ಒಂದು ಜಿಪ್ ಕವರೂ ತೆಗೆದುಕೊಳ್ಳಿ.