ಕಾರ್ವೆಟ್ ಸಿ5 ಹೆಡ್‌ಲೈಟ್ ಏಳುತ್ತಿಲ್ವಾ? ಹಳೇ ಗೇರ್, ಗುಜರಿ ಮೋಟಾರ್, ಹಿತ್ತಾಳೆ ಗೇರ್: ಮೂರನ್ನೂ ಹಾಕಿ ನೋಡಿದ್ದೇನೆ

ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಸಿ5 ಮಾದರಿಯಲ್ಲಿ ಹೆಡ್‌ಲೈಟ್ ಬಾನೆಟ್ಟಿನ ಮಟ್ಟದಲ್ಲಿ ಅಡಗಿ ಕೂತಿರುತ್ತದೆ, ಸ್ವಿಚ್ ಹಾಕಿದರೆ ಮೋಟಾರ್ ಅದನ್ನು ಮೇಲೆತ್ತುತ್ತದೆ. ಸ್ವಿಚ್ ಹಾಕಿದಾಗ ಒಂದು ಬದಿಯ ದೀಪ ಎದ್ದು, ಇನ್ನೊಂದು ಮಲಗಿಯೇ ಇದ್ದು, ಒಳಗಿಂದ ಗರ್ರ್ ಅಂತ ಸದ್ದು ಬರ್ತಿದ್ಯಾ? ಹಾಗಿದ್ದರೆ ಫ್ಯೂಸ್, ವೈರ್ ಅಂತ ಹುಡುಕುತ್ತಾ ಕೂರಬೇಡಿ. ಸದ್ದು ಬರುತ್ತಿದೆ ಅಂದರೆ ಮೋಟಾರಿಗೆ ಕರೆಂಟ್ ಸಿಗುತ್ತಿದೆ. ಹೋಗಿರುವುದು ಗೇರ್.

ಮೋಟಾರಿನ ಉಕ್ಕಿನ ವರ್ಮ್ (ಸ್ಕ್ರೂ ಹಾಗಿರುವ ದಂಡ) ಒಂದು ಪ್ಲಾಸ್ಟಿಕ್ ಗೇರನ್ನು ತಿರುಗಿಸುತ್ತದೆ. ಆ ಗೇರ್ ದೀಪವನ್ನು ಎತ್ತುತ್ತದೆ. ದೀಪ ಪೂರ್ತಿ ಎದ್ದು ತಡೆಗೆ ಬಡಿದಾಗ ಮೋಟಾರ್ ತಿಣುಕುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ. ಅದನ್ನು ಗುರುತಿಸಿ, ದೀಪವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕರೆಂಟ್ ನಿಲ್ಲಿಸುತ್ತದೆ. ಗೇರಿನ ಹಲ್ಲು ಸವೆದಿದ್ದರೆ ತಿಣುಕುವ ಪ್ರಶ್ನೆಯೇ ಇಲ್ಲ. ಅದಕ್ಕೇ ಮೋಟಾರ್ ಇನ್ನೂ ಕೆಲವು ಸೆಕೆಂಡ್ ಸುಮ್ನೆ ತಿರುಗುತ್ತಲೇ ಇರುತ್ತದೆ.

ಸದ್ದೇ ಇಲ್ಲ ಅಂದರೆ ಕಥೆ ಬೇರೆ. ಆಗ ಫ್ಯೂಸ್, ಕನೆಕ್ಟರ್, ಅರ್ಥಿಂಗ್ ನೋಡಿ. ಮೋಟಾರಿನ ಎರಡು ವೈರಿಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಒಂದು ಕ್ಷಣ ಮುಟ್ಟಿಸಿ. ವೈರ್ ಅದಲುಬದಲು ಮಾಡಿದರೆ ಉಲ್ಟಾ ತಿರುಗಬೇಕು. ತಿರುಗಿದರೆ ಮೋಟಾರ್ ಚೆನ್ನಾಗಿದೆ, ತೊಂದರೆ ಅದಕ್ಕಿಂತ ಹಿಂದೆ ಇದೆ.

ನನ್ನದು 2001ರ ಕಾರು. ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಇಲ್ಲಿ ರಾತ್ರಿ ಮಳೆ ಬಿದ್ದು ಹೆಪ್ಪುಗಟ್ಟಿದರೆ ದೀಪದ ಮುಚ್ಚಳ ಬಾನೆಟ್ಟಿಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮುಚ್ಚಳ ಬಿಡುವುದಿಲ್ಲ, ವರ್ಮ್ ತಳ್ಳುವುದನ್ನು ಬಿಡುವುದಿಲ್ಲ. ನಡುವೆ ಸಿಕ್ಕಿದ ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಪಾಪ ಏನು ಮಾಡೀತು? ಎಡಗಡೆ ಮೊದಲು ಹೋಯಿತು, ಆಮೇಲೆ ಬಲಗಡೆ.

ಎಡಗಡೆ ಮೊದಲು ಹಳೇ ಗೇರನ್ನೇ ತಿರುಗಿಸಿ ಹಾಕಿದೆ. ಗೇರ್ ಪೂರ್ತಿ ಸುತ್ತು ಸುತ್ತುವುದಿಲ್ಲ, ಹಾಗಾಗಿ ಒಂದು ಭಾಗದ ಹಲ್ಲು ಮಾತ್ರ ಸವೆಯುತ್ತದೆ. ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಹೊಸ ಹಲ್ಲು ವರ್ಮಿಗೆ ಸಿಗುತ್ತದೆ. ಖರ್ಚು ಬರೀ ಗ್ರೀಸಿನದು. ದೀಪ ಆವತ್ತೇ ಎದ್ದಿತು. ಆದರೆ ಆ ಹಲ್ಲೂ ಅದೇ ವಯಸ್ಸಿನದಲ್ವಾ? ಮುಂದಿನ ಚಳಿಗಾಲ ದಾಟಲಿಲ್ಲ. ಪಾರ್ಟ್ ಬರುವ ತನಕ ರಾತ್ರಿ ಗಾಡಿ ಓಡಿಸಬೇಕು ಅನ್ನುವವರಿಗೆ ಇದು ಸಾಕು, ಅಷ್ಟೇ.

ಆಮೇಲೆ ಅದೇ ಬದಿಗೆ ಗುಜರಿಯಿಂದ ಮೋಟಾರ್ ತಂದು ಹಾಕಿದೆ. ಕೆಲಸ ಸುಲಭ, ಗೇರ್ ಪೆಟ್ಟಿಗೆ ಬಿಚ್ಚುವ ಗೋಜೇ ಇಲ್ಲ. ಆದರೆ ಪ್ಲಾಸ್ಟಿಕ್ಕಿನ ಬದಲು ಹಾಕುವ ಹಿತ್ತಾಳೆ ಗೇರಿಗಿಂತ ಎರಡು ಪಟ್ಟಿಗೂ ಜಾಸ್ತಿ ದುಡ್ಡು ಕೊಟ್ಟೆ. ಅಷ್ಟು ಕೊಟ್ಟು ತಂದದ್ದೂ ಇನ್ನೊಂದು ಹಳೇ ಪ್ಲಾಸ್ಟಿಕ್ ಗೇರನ್ನೇ. ತರುವುದೇ ಆದರೆ ದುಡ್ಡು ಕೊಡುವ ಮೊದಲು ಮೋಟಾರಿನ ನಾಬನ್ನು (ದೀಪವನ್ನು ಕೈಯಿಂದಲೇ ಎತ್ತುವುದಕ್ಕಿರುವ ತಿರುಗುಗುಂಡಿ) ತಿರುಗಿಸಿ ನೋಡಿ. ಎಲ್ಲಾದರೂ ಹಲ್ಲು ಜಾರಿದ ಹಾಗೆ ಅನ್ನಿಸಿದರೆ ಅಲ್ಲೇ ಬಿಟ್ಟು ಬನ್ನಿ.

ಬಲಗಡೆಗೆ ನೇರವಾಗಿ ಹಿತ್ತಾಳೆ ಗೇರ್. ಹೀಗಾಗಿ ಒಂದೇ ಕಾರಿನಲ್ಲಿ, ಒಂದೇ ಚಳಿಯಲ್ಲಿ ಎರಡನ್ನೂ ಅಕ್ಕಪಕ್ಕ ನೋಡುವುದಕ್ಕೆ ಸಿಕ್ಕಿತು. ಇದನ್ನು ಕೂರಿಸುವುದಕ್ಕೆ ತಾಳ್ಮೆ ಬೇಕು. ಹಳೇ ಗ್ರೀಸಿನ ತುಂಬಾ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಒಂದೂ ಬಿಡದೆ ಒರೆಸಿ ತೆಗೆದು, ಬಿಳಿ ಲಿಥಿಯಂ ಗ್ರೀಸ್ ತುಂಬಬೇಕು. ಮುಚ್ಚುವಾಗ ಅಂಚಿಗೆ ಸಿಲಿಕೋನ್ ಹಚ್ಚಿದರೆ ನೀರು ಒಳಗೆ ಇಳಿಯುವುದಿಲ್ಲ. ಈಗ ಬಲಗಡೆ ದೀಪ ಏಳುವಾಗ ಸದ್ದು ಸ್ವಲ್ಪ ಜಾಸ್ತಿ, ಕೊನೆಗೆ ಟಕ್ ಅಂತ ಬಡಿಯುತ್ತದೆ. ಎಡಗಡೆಯದು ಮೆತ್ತಗೆ ಏಳುತ್ತದೆ, ಆದರೆ ಕಡು ಚಳಿಯಲ್ಲಿ ಅರ್ಧ ದಾರಿಯಲ್ಲಿ ತಡವರಿಸುತ್ತದೆ. ನನಗಂತೂ ಟಕ್ ಸದ್ದೇ ಇಷ್ಟ.

ಹಿತ್ತಾಳೆ ಹಾಕಿದರೆ ವರ್ಮ್ ಸವೆಯುವುದಿಲ್ವಾ ಅಂತ ಕೇಳುವವರಿದ್ದಾರೆ. ಹಿತ್ತಾಳೆ ಉಕ್ಕಿಗಿಂತ ಮೆದು, ಗ್ರೀಸ್ ಇದ್ದರೆ ವರ್ಮಿಗೆ ಭಯವಿಲ್ಲ. ನಿಜವಾದ ಚಿಂತೆ ಬೇರೆ. ಗೇರ್ ಮುರಿಯದಿದ್ದರೆ ಆ ಹೊರೆ ಕೀಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಕೀಲಿಗೂ ಗ್ರೀಸ್ ಹಚ್ಚಿ. ಮಂಜುಗಡ್ಡೆ ಇದ್ದ ಬೆಳಿಗ್ಗೆ ಮುಚ್ಚಳ ಬಿಡಿಸಿಕೊಂಡು ಆಮೇಲೆ ಸ್ವಿಚ್ ಹಾಕಿ.

ಪೂರ್ತಿ ಹೊಸ ಮೋಟಾರ್ ನಾನು ಹಾಕಿ ನೋಡಿಲ್ಲ. ಮೋಟಾರ್ ಸುಟ್ಟಿರದಿದ್ದರೆ ಅಷ್ಟು ದುಡ್ಡು ಯಾಕೆ ಅನ್ನುವುದು ನನ್ನ ಅಭಿಪ್ರಾಯ. 1963ರ ಸ್ಟಿಂಗ್ ರೇ ಮಾದರಿಯಿಂದ ಕಾರ್ವೆಟ್ಟಿನಲ್ಲಿ ಅಡಗುವ ದೀಪ ಇತ್ತು, 2004ರ ಸಿ5ಗೆ ಮುಗಿಯಿತು. ಆ ದೀಪ ಏಳುವುದನ್ನು ನೋಡೋದಕ್ಕೇ ಎಷ್ಟೋ ಜನ ಈ ಕಾರು ಇಟ್ಟುಕೊಂಡಿದ್ದೇವೆ. ಎಡಗಡೆಗೂ ಹಿತ್ತಾಳೆ ಗೇರ್ ತರಿಸಿ ಇಟ್ಟಿದ್ದೇನೆ. ನೀವು ತರಿಸುವಾಗ ಎರಡನ್ನೂ ಒಟ್ಟಿಗೇ ತರಿಸಿ. ಬಿಚ್ಚುವ ಮೊದಲು ದೀಪವನ್ನು ನಾಬಿನಿಂದ ಮೇಲೆತ್ತಿ, ಬ್ಯಾಟರಿ ಕೇಬಲ್ ತೆಗೆದಿಡಿ. ಕೈ ಒಳಗಿದ್ದಾಗ ಮುಚ್ಚಳ ಇಳಿದರೆ ಬೆರಳು ಜಜ್ಜಿಹೋಗುತ್ತದೆ.